ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್‌ಡಿ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್, ಅಂದರೆ ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಫಲಿತಾಂಶ ಬಂದ ವಾರ ನನ್ನ ಮೊಬೈಲ್‌ಗೆ ಬಿಡುವಿರುವುದಿಲ್ಲ. ಸಿಂಧನೂರಿನಿಂದ, ಕುಷ್ಟಗಿಯಿಂದ, ಸಿರುಗುಪ್ಪದಿಂದ ಹಳೆಯ ವಿದ್ಯಾರ್ಥಿಗಳು ಕರೆ ಮಾಡುತ್ತಾರೆ. ಕೆಲವೊಮ್ಮೆ ಅವರ ಅಣ್ಣಂದಿರು, ಇನ್ನು ಕೆಲವೊಮ್ಮೆ ಮಾವಂದಿರು. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಬಳ್ಳಾರಿಯಲ್ಲಿ ಎಂಬಿಎ ಪಾಠ ಮಾಡುತ್ತಲೇ ಅರೆಕಾಲಿಕವಾಗಿ ಪಿಎಚ್‌ಡಿ ಮುಗಿಸಿದವನು ನಾನು. ಈಗ ನಾಲ್ವರಿಗೆ ಮಾರ್ಗದರ್ಶಕ. ನಿಯಮ ಇರುವಲ್ಲಿ ನಿಯಮ ಹೇಳಿದ್ದೇನೆ, ಉಳಿದದ್ದು ನನ್ನ ಅಭಿಪ್ರಾಯ. ಹಿಡಿಸದಿದ್ದರೆ ಬಿಟ್ಟುಬಿಡಿ.

ಪಿಎಚ್‌ಡಿ ಮಾಡಿದರೆ ಕೆಲಸ ಗ್ಯಾರಂಟಿಯೇ?

ಮಾವಂದಿರ ಮೊದಲ ಪ್ರಶ್ನೆ ಇದು. ಗ್ಯಾರಂಟಿ ಇಲ್ಲ. ಬರೀ ಕೆಲಸವೇ ಗುರಿಯಾಗಿದ್ದರೆ ಪಿಎಚ್‌ಡಿಗಿಂತ ಹತ್ತಿರದ ದಾರಿ ಇದೆ. ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2023ರ ಜುಲೈನಲ್ಲಿ ತಿದ್ದುಪಡಿ ಮಾಡಿತು. ಆದ್ದರಿಂದ ಮೊದಲು ನೆಟ್ ಅಥವಾ ಕರ್ನಾಟಕದ ಕೆ-ಸೆಟ್ ಪಾಸು ಮಾಡಿ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವ್ಯಾಪ್ತಿಯ ಎಂಬಿಎ ಕಾಲೇಜುಗಳ ಅರ್ಹತಾ ನಿಯಮ ಬೇರೆಯೇ ಇದೆ. ಅಲ್ಲಿ ಸ್ನಾತಕೋತ್ತರ ಪದವಿಯ ನಂತರ ಮಾಡಿದ ಕೆಲಸದ ಅನುಭವವನ್ನೂ ಕೇಳುತ್ತಾರೆ.

ಹಾಗೆಂದು ಪಿಎಚ್‌ಡಿಗೆ ಬೆಲೆ ಇಲ್ಲವೆಂದಲ್ಲ. ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕದಲ್ಲಿ, ವಿಶ್ವವಿದ್ಯಾಲಯದ ಹುದ್ದೆಗೆ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡುವಾಗ ಪಿಎಚ್‌ಡಿಗೆ 30 ಅಂಕ, ಬರೀ ನೆಟ್‌ಗೆ 5. ಅಂದರೆ ನೆಟ್ ನಿಮ್ಮನ್ನು ಬಾಗಿಲ ತನಕ ತರುತ್ತದೆ, ಒಳಗಿನ ಸಾಲಿನಲ್ಲಿ ಮುಂದೆ ನಿಲ್ಲಿಸುವುದು ಪಿಎಚ್‌ಡಿ.

ನಮ್ಮ ಭಾಗದವರಿಗೆ 371-ಜೆ ಇದೆ. 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಈ ವಿಧಿಯ ಅಡಿ ಹೊರಟ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಸಿಗುತ್ತದೆ. ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆದ ಮೇಲೆ ಮಾಡಿಸಲು ಓಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ಸಹಾಯಕ ಆಯುಕ್ತರ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ.

ಪ್ರವೇಶಕ್ಕೆ ಏನು ಬೇಕು?

ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ. ಪರಿಶಿಷ್ಟರು, ಹಿಂದುಳಿದ ವರ್ಗ, ಅಂಗವಿಕಲರು ಮೊದಲಾದವರಿಗೆ ಶೇ 5ರ ರಿಯಾಯಿತಿ. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಶೇ 75 ಇದ್ದರೆ ನೇರ ಪ್ರವೇಶಕ್ಕೆ ಅವಕಾಶವಿದೆ. 2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶವನ್ನು ಮೂರು ಬಗೆಯಾಗಿ ಕೊಡುತ್ತಿದ್ದಾರೆ: ಜೆಆರ್‌ಎಫ್ (ಸಂಶೋಧನೆಗೆ ಶಿಷ್ಯವೇತನ), ಸಹಾಯಕ ಪ್ರಾಧ್ಯಾಪಕ ಅರ್ಹತೆ, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಜೆಆರ್‌ಎಫ್ ಅಲ್ಲದವರ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಪ್ರವೇಶಕ್ಕೆ ನಡೆಯುವುದು ಒಂದು ವರ್ಷ ಮಾತ್ರ. ಎಂಕಾಂ ಓದಿದವರು ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಸೇರಬಹುದೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲೇ ನೋಡಬೇಕು.

ಶಿಷ್ಯವೇತನ ಸಿಗುತ್ತದೆಯೇ?

ಜೆಆರ್‌ಎಫ್ ಆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ನಿರ್ವಹಣಾಶಾಸ್ತ್ರದವರಿಗೂ ಡಾಕ್ಟರಲ್ ಫೆಲೋಶಿಪ್ ಕೊಡುತ್ತದೆ. ನಮ್ಮ ಕಡೆಯಿಂದ ಅರ್ಜಿ ಹಾಕುವವರೇ ಕಡಿಮೆ. ಹಾಕಿದ ಮೇಲಲ್ಲವೇ ಸಿಗುವುದು, ಬಿಡುವುದು.

ಯಾವ ವಿಶ್ವವಿದ್ಯಾಲಯ ಒಳ್ಳೆಯದು?

ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ರಾಯಚೂರು, ಕೊಪ್ಪಳಗಳಿಗೆ ಆಮೇಲೆ ಬೇರೆ ವಿಶ್ವವಿದ್ಯಾಲಯಗಳು ಬಂದವು. ಎಂಜಿನಿಯರಿಂಗ್ ಕಾಲೇಜುಗಳ ಎಂಬಿಎ ವಿಭಾಗಗಳು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಅಡಿ ಬರುತ್ತವೆ. ಕೃಷಿ ಮಾರುಕಟ್ಟೆಯ ಕಡೆ ಒಲವಿರುವವರು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಮರೆಯಬಾರದು.

ಆದರೆ ನೀವು ಕೇಳಬೇಕಾದ ಪ್ರಶ್ನೆ ಇದಲ್ಲ. ಆರು ವರ್ಷ ನೀವು ಬದುಕುವುದು ವಿಶ್ವವಿದ್ಯಾಲಯದ ಜೊತೆ ಅಲ್ಲ, ಗೈಡ್ ಜೊತೆ.

ಹಾಗಾದರೆ ಗೈಡ್ ಹುಡುಕುವುದು ಹೇಗೆ?

ಹೆಣ್ಣು ನೋಡುವಾಗ ಇರುವ ಎಚ್ಚರದ ಕಾಲುಭಾಗ ಸಾಕು. ಮೊದಲು ಲೆಕ್ಕ: ಒಂದು ಹೊತ್ತಿಗೆ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೊಸ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಲೆಕ್ಕ ಮುಗಿದ ಮೇಲೆ ಗುಣ. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ಮಹಾಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನೀವು ಒಪ್ಪಿಕೊಳ್ಳಬೇಕೆಂದಿರುವ ಗೈಡ್ ಬಳಿ ಈ ಹಿಂದೆ ಮುಗಿಸಿದವರ ಎರಡು ಪ್ರಬಂಧ ತೆರೆದು ಕೊನೆಯ ಅಧ್ಯಾಯ ಓದಿ. "ಸರ್ಕಾರ ಹೆಚ್ಚಿನ ಸಾಲ ಸೌಲಭ್ಯ ಒದಗಿಸಬೇಕು" ಎಂಬುದೇ ಎರಡರಲ್ಲೂ ಮುಖ್ಯ ಶಿಫಾರಸಾಗಿದ್ದರೆ ನಿಮಗೂ ಅದೇ ಗತಿ ಎಂದು ತಿಳಿಯಿರಿ. ಆಮೇಲೆ ಆ ಹಳೆಯ ವಿದ್ಯಾರ್ಥಿಗಳಿಗೇ ಫೋನ್ ಮಾಡಿ ಒಂದೇ ಮಾತು ಕೇಳಿ: ನೀವು ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸು ಬರುತ್ತಿತ್ತು, ಅದರ ಮೇಲೆ ಕೆಂಪು ಶಾಯಿ ಇರುತ್ತಿತ್ತೇ? ಕೆಂಪು ಶಾಯಿ ಹೆಚ್ಚಿದ್ದಷ್ಟೂ ನಿಮ್ಮ ಪುಣ್ಯ. ನನ್ನ ಮೊದಲ ಅಧ್ಯಾಯದ ಮೊದಲ ಪುಟದಲ್ಲಿ ನನ್ನ ಗೈಡ್ ಬರೆದಿದ್ದು ಎರಡೇ ಪದ: "ಪ್ರಶ್ನೆ ಯಾವುದು?" ಉಳಿದ ನಲವತ್ತು ಪುಟವನ್ನು ಅವರು ಓದಿರಲೇ ಇಲ್ಲ. ಆ ದಿನ ಸಿಟ್ಟು ಬಂದಿತ್ತು.

ಕೆಲಸ ಬಿಡದೆ ಮಾಡಬಹುದೇ?

ಮಾಡಬಹುದು. 2022ರ ಯುಜಿಸಿ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಯನ್ನು ಒಪ್ಪುತ್ತದೆ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದರಲ್ಲಿ ಮೂರು ಮಾತು ಇರಬೇಕು: ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ (ಮೊದಲ ಹಂತದ ತರಗತಿಗಳಿಗೆ) ಬಿಡುಗಡೆ ಮಾಡುತ್ತೇವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲೋ ಇರುವವರಿಗೆ ಮೂರನೆಯ ಮಾತನ್ನು ಬರೆಸಿಕೊಳ್ಳುವುದೇ ಕಷ್ಟ. ಪಾಳಿ ಕೆಲಸದವರು ಸೇರುವ ಮುಂಚೆಯೇ ಮೇಲಧಿಕಾರಿಯ ಜೊತೆ ಇದನ್ನು ಇತ್ಯರ್ಥ ಮಾಡಿಕೊಳ್ಳಲಿ.

ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ. ಅರೆಕಾಲಿಕರು ಮೂರಕ್ಕೆ ಮುಗಿಸಿದ್ದನ್ನು ನಾನು ನೋಡಿಲ್ಲ.

ಆನ್‌ಲೈನ್ ಪಿಎಚ್‌ಡಿ?

ಇಲ್ಲ. ದೂರಶಿಕ್ಷಣದಲ್ಲೂ ಇಲ್ಲ. "ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಆ ಸಂಖ್ಯೆಯನ್ನು ಬ್ಲಾಕ್ ಮಾಡಿ.

ವಿಷಯ ಹೇಗೆ ಆರಿಸಿಕೊಳ್ಳಲಿ?

ಬಂದವರೆಲ್ಲ ಮೊದಲು ಹೇಳುವುದು ಸಂಖ್ಯಾಶಾಸ್ತ್ರದ ಯಾವುದೋ ವಿಧಾನದ ಹೆಸರು. "ಸರ್, ಎಸ್‌ಇಎಂ ಮಾಡಬೇಕೆಂದಿದ್ದೇನೆ." ಯಾವುದರ ಮೇಲೆ ಎಂದರೆ ಉತ್ತರವಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ. ಎರಡನೆಯ ಬಗೆಯವರು ಶೀರ್ಷಿಕೆ ಸಮೇತ ಬರುತ್ತಾರೆ: "ಬಳ್ಳಾರಿ ಜಿಲ್ಲೆಯ ಜೀನ್ಸ್ ಉದ್ಯಮದ ಸಮಸ್ಯೆಗಳು ಮತ್ತು ಭವಿಷ್ಯ: ಒಂದು ಅಧ್ಯಯನ". ಇದರಲ್ಲಿ ಜಿಲ್ಲೆ ಇದೆ, ಉದ್ಯಮ ಇದೆ, ಪ್ರಶ್ನೆ ಇಲ್ಲ.

ಪ್ರಶ್ನೆ ಎಂದರೆ ಹೀಗಿರುತ್ತದೆ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಒಳ್ಳೆಯ ಪ್ಯಾಂಟ್ ಹೊಲಿಸುತ್ತಿರುವ ಮಾಲೀಕ ತನ್ನದೇ ಹೆಸರಿನ ಲೇಬಲ್ ಹಾಕಲು ಏಕೆ ಹಿಂಜರಿಯುತ್ತಾನೆ? ದುಡ್ಡಿಲ್ಲವೆಂದೇ, ಹೊರಗಿನ ವ್ಯಾಪಾರಿ ಮುನಿಸಿಕೊಳ್ಳುತ್ತಾನೆಂದೇ, ಉಳಿದ ಸರಕು ತನ್ನ ತಲೆಗೇ ಬರುತ್ತದೆಂದೇ? ಮೂರಕ್ಕೂ ಮೂರು ಬೇರೆ ಸಿದ್ಧಾಂತಗಳು ಉತ್ತರ ಕೊಡುತ್ತವೆ. ಯಾವುದು ನಿಲ್ಲುತ್ತದೆ ಎಂದು ನೋಡುವುದೇ ಸಂಶೋಧನೆ.

ಇನ್ನೊಂದು. ರಾಯಚೂರಿನ ರಾಜೇಂದ್ರ ಗಂಜ್‌ಗೆ ಹತ್ತಿ ತರುವ ರೈತ ಪಕ್ಕದ ಅಂಗಡಿಯಲ್ಲಿ ಬೆಲೆ ಹೆಚ್ಚಿದ್ದರೂ ಹಳೆಯ ಅಡತಿ ಅಂಗಡಿಗೇ ಏಕೆ ಚೀಲ ಇಳಿಸುತ್ತಾನೆ? ಬಿತ್ತನೆಗೆ ತಂದ ಸಾಲ, ಮಗಳ ಮದುವೆಗೆ ರಾತ್ರೋರಾತ್ರಿ ಸಿಕ್ಕ ಹಣ, ತೂಕದ ಮೇಲಿನ ನಂಬಿಕೆ, ಎಲ್ಲ ಒಂದೇ ಕಟ್ಟಿನಲ್ಲಿವೆ. ಮಾರುಕಟ್ಟೆಯ ವ್ಯವಹಾರಕ್ಕೂ ಖರ್ಚಿದೆ ಎಂದು ಆಲಿವರ್ ವಿಲಿಯಮ್‌ಸನ್ ಬರೆದದ್ದನ್ನು ಗಂಜ್‌ನ ಕಟ್ಟೆಯ ಮೇಲೆ ಕುಳಿತು ಓದಿದರೆ ಬೇಗ ತಲೆಗೆ ಹತ್ತುತ್ತದೆ. 2009ರಲ್ಲಿ ಅವರ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಎಲಿನಾರ್ ಆಸ್ಟ್ರಮ್ ಅವರಂತೂ ನಮಗೆ ನೆಂಟರಿದ್ದ ಹಾಗೆ. ಅವರ ಪಿಎಚ್‌ಡಿ ಕ್ಯಾಲಿಫೋರ್ನಿಯಾದ ಅಂತರ್ಜಲದ ಹಂಚಿಕೆಯ ಮೇಲೆ. ಮುಂದೆ ಕೆಲಸ ಮಾಡಿದ್ದು ನೀರಾವರಿ, ಮೀನುಗಾರಿಕೆ, ಕಾಡುಗಳನ್ನು ಜನರೇ ಸೇರಿ ನಿರ್ವಹಿಸುವ ಬಗೆಯ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಜಗಳ ಗೊತ್ತಿರುವವರಿಗೆ ಅವರ ಬರಹಕ್ಕೆ ಟಿಪ್ಪಣಿ ಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಹರಿದು ಹೋಗುತ್ತಿರುವ ನೀರು ಯಾರ ಪಾಲಿನದು ಎಂಬ ಮಾತು ಗಂಗಾವತಿಯ ಚಹಾದಂಗಡಿಗಳಲ್ಲಿ ನಡೆಯಿತಲ್ಲ, ಸಂಘಟನೆಯ ಅಧ್ಯಯನ ಎಂದರೆ ಅದೂ ಹೌದು.

ಕೊಪ್ಪಳದವರಿಗೆ ಕಿನ್ನಾಳ ಇದೆ. ಗೊಂಬೆ ಮಾಡುವ ಚಿತ್ರಗಾರ ಮನೆಗಳಲ್ಲಿ ಕಸುಬು ಮಗನಿಗೆ ದಾಟುವುದೋ ನಿಲ್ಲುವುದೋ ಎಂಬುದು ಕುಟುಂಬ ವ್ಯವಹಾರದ ಉತ್ತರಾಧಿಕಾರದ ಪ್ರಶ್ನೆಯೇ. ಅದನ್ನು ಬಿಟ್ಟು ಅಮೆರಿಕದ ಕಂಪನಿಗಳ ನಾಯಕತ್ವ ಶೈಲಿಯ ಪ್ರಶ್ನಾವಳಿ ಹಿಡಿದು ಹೊರಡುತ್ತೇವೆ.

ಮಾದರಿ 384 ಇರಲೇಬೇಕೇ?

ಮಾದರಿ ಎಂದರೆ ನಾವು ಆರಿಸಿ ಪ್ರಶ್ನೆ ಕೇಳುವ ಜನ. ಅವರು ಎಷ್ಟಿರಬೇಕು ಎಂಬ ಈ ಸಂಖ್ಯೆ ನಮ್ಮ ಭಾಗದ ಪ್ರಬಂಧಗಳಲ್ಲಿ ಮನೆದೇವರಂತೆ ಕುಳಿತಿದೆ. ಅದು ಬಂದದ್ದು ಎಲ್ಲಿಂದ ಎಂದರೆ, ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಒಂದು ಕೋಷ್ಟಕದಿಂದ. ಶೇ 95 ವಿಶ್ವಾಸ ಮಟ್ಟ, ಶೇ 5 ದೋಷ, ಅನುಪಾತ ಅರ್ಧ ಎಂದು ಹಿಡಿದರೆ 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಿದಾಗ 384.16 ಬರುತ್ತದೆ. ಒಟ್ಟು ಜನ ಹತ್ತು ಲಕ್ಷವಿದ್ದರೂ ಅಷ್ಟೇ. ಆದರೆ ಒಟ್ಟು ಇರುವುದೇ 300 ಘಟಕವಾದರೆ ಅದೇ ಕೋಷ್ಟಕ 169 ಸಾಕು ಎನ್ನುತ್ತದೆ. ಆ ಸಾಲನ್ನು ಯಾರೂ ನೋಡುವುದಿಲ್ಲ.

ದೊಡ್ಡ ತೊಡಕು ಬೇರೆ ಇದೆ. ಈ ಲೆಕ್ಕ ನಡೆಯುವುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಜನರನ್ನು ಆರಿಸಿದಾಗ. ನಾವು ಮಾಡುವುದು ಪರಿಚಯದವರ ಗುಂಪಿಗೆ ಗೂಗಲ್ ಫಾರ್ಮ್ ಕಳಿಸುವುದು. ಹಾಗೆ ಸೇರಿಸಿದ 384ಕ್ಕೆ ಆ ಸೂತ್ರದ ಆಶೀರ್ವಾದ ಸಿಗುವುದಿಲ್ಲ. ನಿರ್ವಹಣಾಶಾಸ್ತ್ರದ ದೊಡ್ಡ ಹೆಸರಾದ ಹೆನ್ರಿ ಮಿಂಟ್ಜ್‌ಬರ್ಗ್ ಅಮೆರಿಕದ ಎಂಐಟಿಯಲ್ಲಿ ಪಿಎಚ್‌ಡಿಗಾಗಿ ಹಿಂಬಾಲಿಸಿದ್ದು ಐದೇ ಮುಖ್ಯಾಧಿಕಾರಿಗಳನ್ನು, ತಲಾ ಒಂದು ವಾರ. ವ್ಯವಸ್ಥಾಪಕರು ಶಾಂತವಾಗಿ ಕುಳಿತು ಯೋಜನೆ ಹಾಕುತ್ತಾರೆಂಬ ನಂಬಿಕೆಯನ್ನು ಆ ಐದು ವಾರ ಅಲುಗಾಡಿಸಿತು. ನಿಮ್ಮ ಪ್ರಶ್ನೆಗೆ ಐದು ಸಾಕೋ ಐನೂರು ಬೇಕೋ ಎಂಬುದನ್ನು ಪ್ರಶ್ನೆಯೇ ಹೇಳಬೇಕು.

ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಕೊಂಡರೆ ಸಾಕಲ್ಲವೇ?

ಸಾಲದು. ಒಬ್ಬರು ಕನ್ನಡಕ್ಕೆ ಮಾಡಿದ್ದನ್ನು ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಬೇಕು, ಎರಡನ್ನೂ ಹೋಲಿಸಬೇಕು. ಬಳ್ಳಾರಿಯಲ್ಲಿ ತೆಲುಗು, ಉರ್ದು ಮನೆಮಾತಿನವರೂ ಇದ್ದಾರೆ, ಅವರಿಗೆ ಬೇರೆ ಪ್ರತಿ ಬೇಕು.

ಅದಾದ ಮೇಲೂ ಕಷ್ಟ ಮುಗಿಯುವುದಿಲ್ಲ. ಹೊಲಿಗೆ ಘಟಕವೊಂದರಲ್ಲಿ ನಾನು ಐದು ಮಟ್ಟದ ಅಳತೆಪಟ್ಟಿ ಹಿಡಿದು ಕುಳಿತಿದ್ದೆ. "ನನ್ನ ಸಂಸ್ಥೆಯ ಬಗ್ಗೆ ನನಗೆ ಹೆಮ್ಮೆ ಇದೆ: ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ..." ಓದುತ್ತಾ ಹೋದೆ. ಎದುರಿಗಿದ್ದ ಹಿರಿಯ ಟೈಲರ್ ಕಾಲು ಪೆಡಲ್ ಮೇಲಿಂದ ತೆಗೆಯದೆಯೇ, "ಸರ್, ಸಂಸ್ಥೆ ಅಂದರೆ ಯಾವುದು? ಈ ಮಷಿನ್ ಬಾಡಿಗೆಯದು, ಬಟ್ಟೆ ಅವರದು, ದಾರ ನನ್ನದು" ಎಂದರು. ಸ್ವಲ್ಪ ಹೊತ್ತಿನ ಬಳಿಕ ನನ್ನ ಮುಖ ನೋಡಿ ಕನಿಕರಪಟ್ಟು, "ನಿಮಗೆ ಯಾವುದು ಬೇಕೋ ಅದನ್ನೇ ಬರೆದುಕೊಳ್ಳಿ" ಎಂದರು. ಆ ಹಾಳೆಯನ್ನು ನಾನು ಲೆಕ್ಕಕ್ಕೆ ಸೇರಿಸಲಿಲ್ಲ. ದಾರ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಆಮೇಲೆ ಎಲ್ಲರಿಗೂ ಕೇಳಿದೆ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಹುಟ್ಟಿದ್ದು ಅದರಿಂದ.

ಕೋರ್ಸ್‌ವರ್ಕ್ ಕಷ್ಟವೇ?

ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ, ಸಂಶೋಧನಾ ನೀತಿ, ವಿಷಯದ ಪತ್ರಿಕೆ. ಪಾಸಾಗುವುದು ಕಷ್ಟವಲ್ಲ, ಅದರಿಂದ ಕಲಿಯುವುದು ಕಷ್ಟ. ವಾರಕ್ಕೆ ಎರಡು ಸಂಶೋಧನಾ ಲೇಖನ ಮೊದಲಿನಿಂದ ಕೊನೆಯವರೆಗೆ ಓದಿ, ಪ್ರತಿಯೊಂದಕ್ಕೂ ಅರ್ಧ ಪುಟ ಬರೆದಿಡಿ. ಸಾರಾಂಶ ಮಾತ್ರ ಓದಿ ಉಲ್ಲೇಖಿಸುವ ಚಟ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಸಂಶೋಧನಾ ಲೇಖನ ಪ್ರಕಟಿಸಲೇಬೇಕೇ? ಎಲ್ಲಿ?

ಮಹಾಪ್ರಬಂಧ ಸಲ್ಲಿಸುವ ಮುಂಚೆ ಪ್ರಕಟಿಸಿರಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಉಳಿಸಿಕೊಂಡಿರಬಹುದು, ನೋಡಿಕೊಳ್ಳಿ. ಕಡ್ಡಾಯ ಹೋದರೂ ಅಗತ್ಯ ಹೋಗಿಲ್ಲ. ಮೇಲೆ ಹೇಳಿದ ನೇಮಕಾತಿ ಕೋಷ್ಟಕದಲ್ಲಿ ಪ್ರತಿ ಲೇಖನಕ್ಕೆ 2ರಂತೆ ಗರಿಷ್ಠ 10 ಅಂಕ ಇವೆ.

ಒಳ್ಳೆಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ ಈಗ ಇಲ್ಲ. ಅದನ್ನು ನಿಲ್ಲಿಸಿದ್ದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಸಂಸ್ಥೆಗಳ ಮೇಲೆ, ಕೊನೆಗೆ ನಿಮ್ಮ ಮೇಲೆ ಬಂದಿದೆ. ವ್ಯವಹಾರ ಶಾಲೆಗಳಲ್ಲಿ ಆಸ್ಟ್ರೇಲಿಯಾದ ಎಬಿಡಿಸಿ ಪಟ್ಟಿ ನಡೆಯುತ್ತದೆ. ಎ-ಸ್ಟಾರ್, ಎ, ಬಿ, ಸಿ ಎಂದು ದರ್ಜೆಗಳು. ನಮ್ಮಲ್ಲೇ ಅಹಮದಾಬಾದ್ ಐಐಎಂನ ವಿಕಲ್ಪ, ಬೆಂಗಳೂರು ಐಐಎಂನ ಮ್ಯಾನೇಜ್‌ಮೆಂಟ್ ರಿವ್ಯೂ ಇವೆ.

ಈಗ ನನ್ನ ಪಾಪ ನಿವೇದನೆ. ಮೊದಲ ವರ್ಷ ಒಂದು ಪತ್ರಿಕೆಗೆ ಮೂರು ಸಾವಿರ ರೂಪಾಯಿ ಕಟ್ಟಿದೆ. ನಾಲ್ಕನೇ ದಿನಕ್ಕೆ "ಅಂತರರಾಷ್ಟ್ರೀಯ" ಪ್ರಮಾಣಪತ್ರ ಬಂತು, ಬಂಗಾರದ ಅಂಚು ಬೇರೆ. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿದಳು. ಎರಡು ವರ್ಷದ ನಂತರ ಸಂದರ್ಶನವೊಂದರಲ್ಲಿ ತಜ್ಞರು ಪತ್ರಿಕೆಯ ತಾಣ ತೆರೆಯಲು ಹೇಳಿದರೆ ತೆರೆಯಲೇ ಇಲ್ಲ. ಚೌಕಟ್ಟು ಈಗಲೂ ಮನೆಯಲ್ಲಿದೆ, ಅಮ್ಮನಿಗೆ ನಾನು ಹೇಳಿಲ್ಲ. ನಾಲ್ಕು ದಿನದಲ್ಲಿ ಒಪ್ಪಿಗೆ, ದುಡ್ಡಿಗೆ ಯುಪಿಐ ಸಂಖ್ಯೆ, ಸಂಪಾದಕ ಮಂಡಳಿಯಲ್ಲಿ ಊರಿಲ್ಲದ ಹೆಸರುಗಳು: ಇವು ಕಂಡರೆ ಹಿಂದಿರುಗಿ. ಸರಿಯಾದ ಪತ್ರಿಕೆ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಮೂರು ಪುಟ ಬೈಗುಳ ಕಳಿಸುತ್ತದೆ. ಆ ಬೈಗುಳ ಬಿಟ್ಟಿ ಪಾಠ.

ನಕಲು ತಪಾಸಣೆಯಲ್ಲಿ ಎಷ್ಟು ಬಂದರೆ ನಡೆಯುತ್ತದೆ?

2018ರ ನಿಯಮದಂತೆ ಶೇ 10ರವರೆಗೆ ದಂಡನೆ ಇಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಪದ ಬದಲಿಸಿ ತಂತ್ರಾಂಶಕ್ಕೆ ಮಣ್ಣೆರಚಿಕೊಡುವ ಅಂಗಡಿಗಳ ಬಗ್ಗೆ ನನ್ನನ್ನು ಕೇಳಬೇಡಿ.

ಮದುವೆಯಾದರೆ, ಮಗುವಾದರೆ ಅರ್ಧಕ್ಕೇ ನಿಲ್ಲುತ್ತದೆಯೇ?

ನಿಯಮ ನಿಮ್ಮ ಪರವಾಗಿದೆ, ಗೊತ್ತಿರುವವರು ಕಡಿಮೆ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷ, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಅಲ್ಲಿನ ಸಂಸ್ಥೆಗೆ ಸಂಶೋಧನೆಯನ್ನು ದತ್ತಾಂಶ ಸಮೇತ ವರ್ಗಾಯಿಸಿಕೊಳ್ಳಬಹುದು. ಕಚೇರಿಯ ಗುಮಾಸ್ತರು "ಹಾಗೆಲ್ಲ ಇಲ್ಲಮ್ಮ" ಎಂದರೆ 2022ರ ನಿಯಮಾವಳಿಯ ಆ ಪುಟವನ್ನು ಮುದ್ರಿಸಿ ಕೈಯಲ್ಲಿಡಿ. ನನ್ನ ವಿದ್ಯಾರ್ಥಿನಿಯೊಬ್ಬರು ಅದನ್ನೇ ಮಾಡಿದರು. ಕಡತ ಮೂರು ತಿಂಗಳು ಮಲಗಿತ್ತು, ಒಂದು ವಾರದಲ್ಲಿ ಎದ್ದಿತು.

ಐಐಎಂನಲ್ಲಿ ನಮ್ಮಂಥವರಿಗೆ ಸಾಧ್ಯವೇ?

"ನಮ್ಮಂಥವರು" ಎಂಬ ಮಾತನ್ನು ಮೊದಲು ಬಿಡಿ. ಐಐಎಂಗಳು ಮೊದಲು ಫೆಲೋ ಎಂಬ ಬಿರುದು ಕೊಡುತ್ತಿದ್ದವು. 2017ರ ಕಾಯ್ದೆಯ ನಂತರ ಪಿಎಚ್‌ಡಿ ಪದವಿಯನ್ನೇ ಕೊಡುತ್ತಿವೆ. ಪೂರ್ಣಾವಧಿ, ಶಿಷ್ಯವೇತನ ಸಹಿತ. ಮೊದಲ ಎರಡು ವರ್ಷ ಬಿಗಿಯಾದ ಪಾಠ, ಆಮೇಲೆ ಅರ್ಹತಾ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮ್ಯಾನೇಜ್‌ಮೆಂಟ್ ವಿಭಾಗ ಇದೆ. ಗಣಿತ ಗಟ್ಟಿಯಿದ್ದು ಮನೆಯ ಸಂಪಾದನೆ ನಿಮ್ಮ ಮೇಲೆ ನಿಂತಿಲ್ಲದಿದ್ದರೆ ಒಮ್ಮೆ ಪ್ರಯತ್ನಿಸಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ದೂರ. ಅಲ್ಲಿ ಓದಿಯೂ ಪ್ರಶ್ನೆಯನ್ನು ಇಲ್ಲಿಂದಲೇ ಒಯ್ಯಬಹುದು.

ಪದವಿ ಬಂದ ಮೇಲಿನ ಮೊದಲ ವರ್ಷಗಳು ಹೇಗಿರುತ್ತವೆ?

ಬಹುತೇಕರದು ಅತಿಥಿ ಉಪನ್ಯಾಸಕ ವೃತ್ತಿ. ಯುಜಿಸಿ ಅರ್ಹತೆ ಇದ್ದವರಿಗೆ ಗೌರವಧನ ತುಸು ಹೆಚ್ಚು, ಆದರೆ ಕೆಲಸ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ಬಸ್ ನಿಲ್ದಾಣದಲ್ಲಿ ಮಂಡಾಳ ಒಗ್ಗರಣೆ. ಖಾಸಗಿ ಎಂಬಿಎ ಕಾಲೇಜಿಗೆ ಸೇರಿದರೆ ಸಂಬಳ ನಿಯಮಿತ, ಜೊತೆಗೆ ಪ್ರವೇಶಾತಿ ಪ್ರಚಾರ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತ, ಪ್ಲೇಸ್‌ಮೆಂಟ್ ಎಲ್ಲವೂ ಹೆಗಲಿಗೆ.

ಈ ಗದ್ದಲದಲ್ಲಿ ಪ್ರಬಂಧ ಸಾಯುತ್ತದೆ. ಸಾಯಲು ಬಿಡಬೇಡಿ. ಮಹಾಪ್ರಬಂಧದಿಂದ ಎರಡು ಲೇಖನ ತೆಗೆಯಬಹುದೆಂದಿದ್ದರೆ ಮೊದಲ ವರ್ಷವೇ ತೆಗೆಯಿರಿ. ಎರಡು ವರ್ಷ ಕಳೆದರೆ ನಿಮ್ಮ ದತ್ತಾಂಶ ನಿಮಗೇ ಅಪರಿಚಿತವಾಗುತ್ತದೆ. ವಾರಕ್ಕೆ ಒಂದು ಮುಂಜಾವು ಸಾಕು, ಆದರೆ ಅದನ್ನು ಯಾರಿಗೂ ಕೊಡಬೇಡಿ, ಪ್ರಾಂಶುಪಾಲರಿಗೂ. ನಾವು ಮೂವರು ಸ್ನೇಹಿತರು, ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು, ತಿಂಗಳಿಗೊಮ್ಮೆ ಹೊಸಪೇಟೆಯಲ್ಲಿ ಸೇರಿ ಒಬ್ಬರ ಬರಹವನ್ನು ಇನ್ನಿಬ್ಬರು ಹರಿದು ಹಾಕುತ್ತೇವೆ. ಊರು ಚಿಕ್ಕದಾದರೆ ವಿದ್ವತ್ ಬಳಗವನ್ನು ಕೈಯಾರೆ ಕಟ್ಟಿಕೊಳ್ಳಬೇಕು.

ಕೊನೆಯದು: ವೈವಾ (ಮೌಖಿಕ ಪರೀಕ್ಷೆ) ದಿನದ ಊಟದ ಖರ್ಚು ಯಾರದು?

ನಿಮ್ಮದಲ್ಲ. ಪರೀಕ್ಷಕರ ಪ್ರಯಾಣ, ಭತ್ಯೆ ಎಲ್ಲ ವಿಶ್ವವಿದ್ಯಾಲಯದ ಹೊಣೆ. ಆದರೂ ಹೋಳಿಗೆ ಊಟ, ಶಾಲು, ಹಣ್ಣಿನ ಬುಟ್ಟಿ ಎಂದು ಸಾಲ ಮಾಡಿದವರನ್ನು ಕಂಡಿದ್ದೇನೆ. ನನ್ನ ಬಳಿ ಇರುವ ನಾಲ್ವರಿಗೆ ಸೇರಿದ ದಿನವೇ ಹೇಳಿದ್ದೇನೆ: ಆ ದಿನ ಮಿರ್ಚಿ, ಚಹಾ ನನ್ನ ಲೆಕ್ಕ. ವೈವಾ ಎಲ್ಲರಿಗೂ ತೆರೆದದ್ದು, ಆದ್ದರಿಂದ ನಿಮ್ಮ ಕಡೆಯಿಂದ ಕರೆಯುವುದಾದರೆ ನಿಮಗೆ ಉತ್ತರ ಕೊಟ್ಟ ಟೈಲರನ್ನು, ಅಡತಿಯವರನ್ನು, ರೈತರನ್ನು ಕರೆತನ್ನಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ.